ಆಯಿಲ್ ಬದಲಿಸಲು ಹೋಗಿ ಥ್ರೆಡ್ ಕೂರಿಸಿದ್ದು: ಒಂದು ಸಿಬಿಆರ್, ಒಂದು ಬಾಕ್ಸ್‌ಸ್ಟರ್

ಕೆಲಸ ಎರಡೇ. ನನ್ನ ಹೋಂಡಾ ಸಿಬಿಆರ್ 600ಆರ್‌ಆರ್ ಬೈಕಿಗೆ ಆಯಿಲ್ ಮತ್ತು ಫಿಲ್ಟರ್. ಗೆಳೆಯನ 2006ರ ಪೋರ್ಶೆ ಬಾಕ್ಸ್‌ಸ್ಟರ್‌ಗೂ ಅದೇ. ಎರಡೂ ಸೆಕೆಂಡ್ ಹ್ಯಾಂಡ್ ಗಾಡಿಗಳು. ಅಂದ್ರೆ ನಮಗಿಂತ ಮುಂಚೆ ಯಾರ್ಯಾರೋ ಕೈ ಹಾಕಿದ್ದಾರೆ. ಇಂಥ ಗಾಡಿಗೆ ಮನೆಯಲ್ಲಿ ಆಯಿಲ್ ಬದಲಿಸೋದು ಕಷ್ಟ ಅಂತ ಜನ ಹೆದರಿಸುತ್ತಾರೆ. ಆಯಿಲ್ ಇಳಿಸಿ ತುಂಬುವುದರಲ್ಲಿ ಏನೂ ಕಷ್ಟ ಇಲ್ಲ. ಹಿಂದಿನವರು ಬಿಗಿದಿಟ್ಟು ಹೋದದ್ದನ್ನು ಬಿಚ್ಚುವುದರಲ್ಲಿದೆ ಕಷ್ಟ. ಈ ಬರಹದಲ್ಲಿ ಮುಕ್ಕಾಲು ಭಾಗ ಅದರದ್ದೇ ಗೋಳು.

1. ಸಾಮಾನು ಜೋಡಿಸಿಕೊಂಡದ್ದು

ಮೊದಲು ಟಾರ್ಕ್ ರೆಂಚ್, ಅಂದ್ರೆ ಹೊಂದಿಸಿದಷ್ಟು ಬಿಗಿ ಬಂದಾಗ ಕ್ಲಿಕ್ ಅನ್ನುವ ಸ್ಪ್ಯಾನರ್. ನನ್ನ ಹತ್ತಿರ ಇದ್ದದ್ದು ಅರ್ಧ ಇಂಚಿನದು, 40ರಿಂದ 200 ನ್ಯೂಟನ್ ಮೀಟರ್ ತನಕ. ಕಾರಿನ ಚಕ್ರಕ್ಕೆ ಸರಿ. ಸಿಬಿಆರ್‌ನ ಡ್ರೈನ್ ಬೋಲ್ಟಿಗೆ (ಆಯಿಲ್ ಇಳಿಸಲು ಎಂಜಿನ್ ತಳದಲ್ಲಿ ಬಿಚ್ಚುವ ಬೋಲ್ಟ್) 30, ಫಿಲ್ಟರಿಗೆ 26 ಬೇಕು. ದೊಡ್ಡ ರೆಂಚಿನಲ್ಲಿ ಆ ಅಳತೆಯೇ ಇಲ್ಲ. ಇದ್ದಿದ್ದರೂ ಯಾವ ರೆಂಚೂ ತನ್ನ ಅಳತೆಯ ತೀರಾ ತಳಭಾಗದಲ್ಲಿ ನಂಬಿಕೆಗೆ ಅರ್ಹ ಅಲ್ಲ. ಹಾಗಾಗಿ 3/8 ಇಂಚಿನ ಚಿಕ್ಕದೊಂದು ತಂದೆ, 60ರವರೆಗೆ ಹೋಗುವಂಥದ್ದು. ಇಡೀ ಕೆಲಸದಲ್ಲಿ ದುಡ್ಡು ಜಾಸ್ತಿ ಹೋದದ್ದು ಇದಕ್ಕೇ. ಆಯಿಲಿಗಿಂತ ಜಾಸ್ತಿ.

ಆಮೇಲೆ ಜೆಐಎಸ್, ಅಂದ್ರೆ ಜಪಾನಿನ ಮಾನದಂಡದ ಸ್ಕ್ರೂಡ್ರೈವರ್. ಜಪಾನಿನ ಬೈಕುಗಳ ಪ್ಲಸ್ ಸ್ಕ್ರೂ ನೋಡಲು ಫಿಲಿಪ್ಸ್ ಥರವೇ ಇರುತ್ತದೆ, ಆದರೆ ಅದಲ್ಲ. ಫಿಲಿಪ್ಸ್ ಹಾಕಿದರೆ ತುದಿ ಪೂರ್ತಿ ಕೂರುವುದಿಲ್ಲ. ಬಲ ಕೊಟ್ಟ ತಕ್ಷಣ ಜಾರಿ ಮೇಲೆ ಬಂದು ತಲೆಯನ್ನು ಕೆರೆದು ಹಾಕುತ್ತದೆ. ನನ್ನ ಬೈಕಿನ ಫೇರಿಂಗಿನ (ಹೊರಗಿನ ಪ್ಲಾಸ್ಟಿಕ್ ಹೊದಿಕೆ) ಅರ್ಧ ಸ್ಕ್ರೂಗಳ ತಲೆ ಹೀಗೇ ಹೋಗಿತ್ತು.

ಉಳಿದದ್ದು: 12 ಮಿಲಿಮೀಟರಿನ ಹೊಸ ಅಲ್ಯೂಮಿನಿಯಂ ವಾಷರ್, ಫಿಲ್ಟರ್, ಫಿಲ್ಟರ್ ತಲೆಗೆ ಕೂರುವ ಕ್ಯಾಪ್ ರೆಂಚ್, 17ರ ಆರು ಮೂಲೆ ಸಾಕೆಟ್, ಬ್ರೇಕ್ ಕ್ಲೀನರ್, ಟ್ರೇ, ಕೈಗವಸು, ಬಟ್ಟೆ. ಸಾಕೆಟ್ ಹನ್ನೆರಡು ಮೂಲೆಯದು ಬೇಡ. ಬಿಗಿಯಾದ ಬೋಲ್ಟಿನ ಮೂಲೆಗಳನ್ನು ಅದು ಸವೆಸಿಬಿಡುತ್ತದೆ.

ಆಯಿಲ್ ವಿಷಯ ಬೇಗ ಮುಗಿಸುತ್ತೇನೆ. ಈ ಬೈಕಿನಲ್ಲಿ ಎಂಜಿನ್, ಗೇರ್‌ಬಾಕ್ಸ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಕ್ಯಾನಿನ ಮೇಲೆ ಜಾಸೋ ಎಂಎ ಅಥವಾ ಎಂಎ2 ಅಂತ ಇರಲೇಬೇಕು, ಆಯಿಲಿನಲ್ಲಿ ಮುಳುಗಿರುವ ಕ್ಲಚ್ಚಿಗೆ ಒಗ್ಗುತ್ತದೆ ಅನ್ನುವ ಗುರುತು ಅದು. ಇಂಧನ ಉಳಿಸುವ ಕಾರಿನ ಆಯಿಲ್‌ಗಳಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕ ಇರುತ್ತದೆ, ಅದಕ್ಕೆ ಕ್ಲಚ್ ಜಾರುತ್ತದೆ. ಬಾಕ್ಸ್‌ಸ್ಟರ್‌ಗೆ ತಂದದ್ದು ಪೋರ್ಶೆ ಎ40 ಒಪ್ಪಿಗೆ ಇರುವ 0ಡಬ್ಲ್ಯು-40. ಎರಡೂ ಕ್ಯಾನ್ ಒಂದೇ ಶೆಲ್ಫಿನಲ್ಲಿದ್ದವು. ಬೈಕಿನದಕ್ಕೆ ಕೆಂಪು ಟೇಪ್ ಸುತ್ತಿದೆ.

2. ಫೇರಿಂಗ್ ಇಳಿಸಿದ್ದು

ಬೈಕನ್ನು ಪ್ಯಾಡಕ್ ಸ್ಟ್ಯಾಂಡಿಗೆ ಹಾಕಿ ನೆಟ್ಟಗೆ ನಿಲ್ಲಿಸಿದೆ. ಎಂಜಿನ್ ಸ್ಟಾರ್ಟ್ ಮಾಡಿ ಕೆಲವು ನಿಮಿಷ ಬಿಟ್ಟೆ. ಆಯಿಲ್ ಬೆಚ್ಚಗಾದರೆ ಸಾಕು, ಕುದಿಯಬೇಕಿಲ್ಲ. ಫಿಲ್ಟರ್ ಇರುವುದು ಎಂಜಿನ್ ಮುಂದೆ, ಹೆಡರ್ ಪೈಪುಗಳ (ಎಂಜಿನ್ನಿನಿಂದ ಹೊಗೆ ಹೊರಹೋಗುವ ಪೈಪುಗಳು) ನಡುವೆ. ಪೂರ್ತಿ ಬಿಸಿ ಮಾಡಿಕೊಂಡರೆ ಮೊಣಕೈ ಸುಟ್ಟುಕೊಳ್ಳುವುದು ಗ್ಯಾರಂಟಿ.

ಕೆಳಗಿನ ಫೇರಿಂಗ್ ಎರಡೂ ಕಡೆ ಬಿಚ್ಚಬೇಕು. ಪ್ಲಾಸ್ಟಿಕ್ ಕ್ಲಿಪ್ಪುಗಳ ನಡುವಿನ ಗುಂಡಿಯನ್ನು ಒಳಕ್ಕೆ ಒತ್ತಿದರೆ ಸಡಿಲ ಆಗುತ್ತವೆ. ಎಳೆದರೆ ಮುರಿಯುತ್ತವೆ. ಒಂದು ಜಾಗದಲ್ಲಿ ಕ್ಲಿಪ್ಪೇ ಇರಲಿಲ್ಲ, ಅದರ ಬದಲು ಕೇಬಲ್ ಟೈ ಇತ್ತು. ಇನ್ನೊಂದು ಕಡೆ ಉದ್ದ ಜಾಸ್ತಿ ಇರುವ ಸ್ಕ್ರೂ. ಹಿಂದಿನವರ ಬಗ್ಗೆ ಇಲ್ಲೇ ಅಂದಾಜು ಸಿಕ್ಕಿತು.

3. ಡ್ರೈನ್ ಬೋಲ್ಟ್

ಬೋಲ್ಟಿನ ಸುತ್ತ ಕೆಂಪು ಸಿಲಿಕೋನ್ ಅಂಟು ಹಚ್ಚಿದ್ದರು. ಡ್ರೈನ್ ಬೋಲ್ಟಿಗೆ ಅಂಟು ಬೇಕಾಗಿಯೇ ಇಲ್ಲ, ಸೋರದಂತೆ ನೋಡಿಕೊಳ್ಳುವುದು ವಾಷರ್. ಅಂಟು ಕಂಡರೆ ಅರ್ಥ ಒಂದೇ: ಹಿಂದೆ ಸೋರುತ್ತಿತ್ತು, ಯಾರೋ ಮುಚ್ಚಿ ಕಳಿಸಿದ್ದಾರೆ. ಆ ಅಂಟಿನ ಎಳೆಗಳು ಒಳಗೆ ಬಿದ್ದರೆ ಆಯಿಲ್ ಪಂಪಿನ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಬಿಚ್ಚುವ ಮೊದಲೇ ಅಷ್ಟನ್ನೂ ಕೆರೆದು ತೆಗೆದೆ.

ಸಾಮಾನ್ಯವಾಗಿ ಒಂದು ಸಲ ಟಕ್ ಅಂತ ಬಿಟ್ಟುಕೊಂಡರೆ ಆಮೇಲೆ ಬೆರಳಲ್ಲೇ ಬಿಚ್ಚಿ ಬರುತ್ತದೆ. ಇದು ಹಾಗೆ ಬರಲಿಲ್ಲ. ಕೊನೆಯ ಸುತ್ತಿನ ತನಕ ಸ್ಪ್ಯಾನರ್ ಬೇಕಾಯಿತು, ಮರಳು ಅರೆದ ಹಾಗೆ ಕಿರಕಿರ ಸದ್ದು. ಆಯಿಲ್ ಸುರಿಯಿತು, ಬೋಲ್ಟ್ ಕೈಗೆ ಬಂತು. ಒರೆಸಿ ನೋಡಿದರೆ ಬೋಲ್ಟಿನ ಥ್ರೆಡ್ಡುಗಳ ನಡುವೆ ಬೆಳ್ಳಗೆ ಹೊಳೆಯುವ ಒಂದು ಸುರುಳಿ. ಚಿಮುಟದಲ್ಲಿ ಹಿಡಿದು ಎಳೆದೆ, ಸ್ಪ್ರಿಂಗಿನಂತೆ ಬಿಚ್ಚಿಕೊಂಡು ಬಂತು. ಅದು ಬೋಲ್ಟಿನದ್ದಲ್ಲ. ಬೋಲ್ಟ್ ಸ್ಟೀಲಿನದು. ಎಂಜಿನ್ ತಳದ ಅಲ್ಯೂಮಿನಿಯಂ ಥ್ರೆಡ್ ಅದು, ಬೋಲ್ಟಿನ ಜೊತೆಗೇ ಹೊರಗೆ ಬಂದಿತ್ತು.

ವಾಷರ್ ಹಾಳೆಯಷ್ಟು ತೆಳ್ಳಗಾಗಿ ಬೋಲ್ಟಿನ ತಲೆಗೆ ಅಂಟಿಕೊಂಡಿತ್ತು. ಒಂದೇ ವಾಷರನ್ನು ಎಷ್ಟೋ ಸಲ ಬಳಸಿದ್ದಾರೆ. ಅಪ್ಪಚ್ಚಿಯಾದ ವಾಷರ್ ಸೋರುತ್ತದೆ, ಸೋರಿದರೆ ಇನ್ನಷ್ಟು ಬಿಗಿಯುತ್ತಾರೆ, ಬಿಗಿದರೆ ಥ್ರೆಡ್ ಕೀಳುತ್ತದೆ, ಕಿತ್ತರೆ ಸಿಲಿಕೋನ್ ಹಚ್ಚುತ್ತಾರೆ. ಪುಡಿಗಾಸಿನ ವಾಷರ್ ಉಳಿಸಲು ಇಷ್ಟೆಲ್ಲ.

ಒಂದು ಆಸೆ ಇತ್ತು, ಒಳಗಡೆ ನಾಲ್ಕು ಥ್ರೆಡ್ ಉಳಿದಿರಬಹುದು ಅಂತ. ಹೊಸ ಬೋಲ್ಟ್, ಹೊಸ ವಾಷರ್ ಹಾಕಿ ಟಾರ್ಕ್ ರೆಂಚನ್ನು 30ಕ್ಕೆ ಇಟ್ಟು ನಿಧಾನಕ್ಕೆ ತಿರುಗಿಸಿದೆ. ಬಿಗಿ ಏರುತ್ತಾ ಬಂತು, ಆಮೇಲೆ ಏರುವುದು ನಿಂತಿತು. ಕೈಗೆ ಮೆತ್ತಗೆ ಅನ್ನಿಸಿತು. ಕ್ಲಿಕ್ ಸದ್ದು ಬರಲೇ ಇಲ್ಲ, ಬೋಲ್ಟ್ ಮಾತ್ರ ತಿರುಗುತ್ತಿತ್ತು. ಅಲ್ಲಿಗೆ ನಿಲ್ಲಿಸಿದೆ.

4. ಫಿಲ್ಟರ್

ಬೋಲ್ಟಿನ ಗತಿ ಏನು ಅಂತ ಯೋಚಿಸುತ್ತಾ ಫಿಲ್ಟರಿಗೆ ಕೈ ಹಾಕಿದೆ. ಅದೂ ಅದೇ ಕೈಯವರು ಬಿಗಿದದ್ದು.

ಮೊದಲ ಪ್ರಯತ್ನ, ಕ್ಯಾಪ್ ರೆಂಚ್. ಜಾರಿತು. ಫಿಲ್ಟರಿನ ಅಂಚಿನ ಪಟ್ಟಿಗಳು ಆಗಲೇ ಅರ್ಧ ಸವೆದಿದ್ದವು. ಎರಡನೆಯದು, ಕ್ಯಾಪ್ ಮತ್ತು ಫಿಲ್ಟರ್ ನಡುವೆ ಒರಟು ಉಪ್ಪುಕಾಗದ ಇಟ್ಟು ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ ಕೂರಿಸಿದ್ದು. ಒಂದು ಕೂದಲೆಳೆಯಷ್ಟು ತಿರುಗಿದ ಹಾಗಾಯಿತು, ಮತ್ತೆ ಜಾರಿತು. ಮೂರನೆಯದು ಎಲ್ಲರೂ ಹೇಳುವ ಉಪಾಯ: ಸ್ಕ್ರೂಡ್ರೈವರ್ ಅಡ್ಡಕ್ಕೆ ಚುಚ್ಚಿ ತಿರುಗಿಸುವುದು. ಇದನ್ನು ಯಾರು ಕಂಡುಹಿಡಿದರೋ, ಅವರ ಬೈಕಿಗೆ ಹೆಡರ್ ಪೈಪೇ ಇರಲಿಲ್ಲ ಅನ್ನಿಸುತ್ತದೆ. ಸ್ಕ್ರೂಡ್ರೈವರ್ ತಿರುಗಲು ಜಾಗ ಸಿಗುವುದು ಎರಡು ಬೆರಳಷ್ಟು. ಫಿಲ್ಟರಿನ ತಗಡು ಹರಿಯಿತು, ಫಿಲ್ಟರ್ ಅಲ್ಲಾಡಲಿಲ್ಲ. ಬೆಚ್ಚಗಿನ ಆಯಿಲ್ ತೋಳಿನೊಳಗೆ ಇಳಿಯಿತು.

ಕೊನೆಗೆ ಕೆಲಸ ಆದದ್ದು ಉಳಿಯಿಂದ. ಫಿಲ್ಟರಿನ ಬುಡದಲ್ಲಿ ದಪ್ಪ ತಟ್ಟೆ ಇರುತ್ತದೆ, ಥ್ರೆಡ್ ಇರುವುದು ಅದರಲ್ಲೇ. ಉಳಿದೆಲ್ಲ ಬರೀ ತಗಡು. ಆ ತಟ್ಟೆಯ ಅಂಚಿಗೆ ಸಣ್ಣ ಉಳಿಯನ್ನು ಓರೆಯಾಗಿ ಇಟ್ಟು, ಬಿಚ್ಚುವ ದಿಕ್ಕಿಗೆ ಚಿಕ್ಕ ಚಿಕ್ಕ ಏಟು ಕೊಟ್ಟೆ. ಉಳಿಯ ತುದಿ ಎಂಜಿನ್ನಿನ ಮುಖಕ್ಕೆ ತಾಗಬಾರದು, ಅಲ್ಲಿ ಗೀರು ಬಿದ್ದರೆ ಹೊಸ ಫಿಲ್ಟರೂ ಸೋರುತ್ತದೆ. ಐದಾರು ಏಟಿಗೆ ಜಗ್ಗಿತು. ಆಮೇಲೆ ಕೈಯಲ್ಲೇ ಬಂತು.

ಕೆಳಗೆ ಬಂದ ಫಿಲ್ಟರಿಗೆ ರಬ್ಬರ್ ರಿಂಗ್ ಇರಲಿಲ್ಲ. ಟಾರ್ಚ್ ಹಿಡಿದು ಎಂಜಿನ್ ಕಡೆ ನೋಡಿದೆ. ರಿಂಗ್ ಅಲ್ಲೇ ಅಂಟಿಕೊಂಡು ಕೂತಿತ್ತು, ಕಪ್ಪು ಮೇಲೆ ಕಪ್ಪು, ಬೆರಳಿಟ್ಟು ಸವರಿದರೆ ಮಾತ್ರ ಗೊತ್ತಾಗುವಂಥದ್ದು. ಇದರ ಮೇಲೆ ಹೊಸ ಫಿಲ್ಟರ್ ಹಾಕಿದ್ದರೆ ಎರಡು ರಿಂಗ್ ಒಂದರ ಮೇಲೊಂದು ಕೂರುತ್ತಿದ್ದವು. ನಿಂತಲ್ಲಿ ಸೋರದೇ ಇರಬಹುದು. ರಸ್ತೆಯಲ್ಲಿ ಆರ್‌ಪಿಎಂ ಏರಿ ಒತ್ತಡ ಬಂದಾಗ ಮೇಲಿನ ರಿಂಗ್ ಜಾರುತ್ತದೆ, ಆಯಿಲ್ ಪೂರ್ತಿ ಹೊರಗೆ. ಕಾರಾದರೆ ಎಂಜಿನ್ ಹೋಗುತ್ತದೆ. ಬೈಕಿನಲ್ಲಿ ಆ ಆಯಿಲ್ ಹಿಂದಿನ ಟೈರಿನ ಮೇಲೆ ಬೀಳುತ್ತದೆ.

ಪ್ಲಾಸ್ಟಿಕ್ ಚಾಕುವಿನಲ್ಲಿ ರಿಂಗ್ ಬಿಡಿಸಿ ಮುಖ ಒರೆಸಿದೆ. ಹೊಸ ಫಿಲ್ಟರಿನ ರಿಂಗಿಗೆ, ಥ್ರೆಡ್ಡಿಗೆ ಆಯಿಲ್ ಸವರಿದೆ. ಫಿಲ್ಟರ್ ಅಡ್ಡಕ್ಕೆ ಕೂರುವುದರಿಂದ ಒಳಗೆ ಆಯಿಲ್ ತುಂಬಿಸಲು ಹೋಗಲಿಲ್ಲ. 26ಕ್ಕೆ ಕ್ಲಿಕ್. ಎಷ್ಟು ಸಡಿಲ ಅನ್ನಿಸುತ್ತದೆ ಗೊತ್ತಾ! ಇನ್ನೊಂದು ಚೂರು ಬಿಗಿಯೋಣ ಅಂತ ಕೈ ತುರಿಸುತ್ತದೆ. ಹಿಂದಿನವರ ಕೈಯೂ ಹಾಗೇ ತುರಿಸಿರಬೇಕು.

5. ಥ್ರೆಡ್ ಹೊಸದಾಗಿ ಕೂರಿಸಿದ್ದು

ದಾರಿ ಮೂರಿದ್ದವು. ಒಂದು, ಸ್ವಲ್ಪ ದಪ್ಪದ ಬೋಲ್ಟನ್ನು ಅದೇ ತೂತಿಗೆ ಕೊರೆಸಿಕೊಂಡು ಹೋಗುವಂತೆ ಬಿಗಿಯುವುದು. ಸುಲಭ. ಆದರೆ ಓರೆಯಾಗಿ ಹೋದರೆ ಆಮೇಲೆ ಯಾವ ವಾಷರೂ ಮುಖಕ್ಕೆ ಸರಿಯಾಗಿ ಕೂರುವುದಿಲ್ಲ. ಎರಡು, ಹೆಲಿಕಾಯಿಲ್, ಅಂದ್ರೆ ಸ್ಟೀಲ್ ತಂತಿಯ ಸುರುಳಿ. ಒಂದು ಸಲ ಬಿಗಿದು ಮರೆಯುವ ಬೋಲ್ಟಿಗೆ ಅದು ಬಹಳ ಚೆನ್ನ. ಪದೇ ಪದೇ ಬಿಚ್ಚುವ, ಸೋರಲೂ ಬಾರದ ಜಾಗಕ್ಕೆ ನನಗೆ ಮನಸ್ಸು ಬರಲಿಲ್ಲ. ಮೂರು, ಟೈಮ್-ಸರ್ಟ್ ಥರದ ಗಟ್ಟಿ ಬುಷ್. ಒಳಗೂ ಹೊರಗೂ ಥ್ರೆಡ್ ಇರುವ ಸ್ಟೀಲ್ ಕೊಳವೆ, ಮೇಲೆ ಚಿಕ್ಕ ಅಂಚು. ಕಿಟ್ ದುಬಾರಿ. ಅದನ್ನೇ ತರಿಸಿದೆ, ಎಂ12 (12 ಮಿಲಿಮೀಟರ್ ಬೋಲ್ಟಿನದು), ಥ್ರೆಡ್ಡುಗಳ ನಡುವಿನ ಅಂತರ, ಅಂದ್ರೆ ಪಿಚ್, 1.5.

ಕಿಟ್ ಬರುವ ತನಕ ಬೈಕ್ ಹಾಗೇ ನಿಂತಿತ್ತು. ಅದೂ ಒಳ್ಳೆಯದೇ ಆಯಿತು. ಒಳಗಿನ ಆಯಿಲ್ ಚೆನ್ನಾಗಿ ಇಳಿಯಿತು.

ಭಯ ಇದ್ದದ್ದು ಎರಡು ವಿಷಯಕ್ಕೆ. ತೂತು ಓರೆಯಾಗುವುದು, ಚೂರು ಒಳಗೆ ಬೀಳುವುದು. ಪವರ್ ಡ್ರಿಲ್ ಮುಟ್ಟಲಿಲ್ಲ. ಡ್ರಿಲ್ ಬಿಟ್ಟನ್ನು ಟ್ಯಾಪಿನ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಹಿಡಿಕೆಗೆ ಹಾಕಿ ಕೈಯಲ್ಲೇ ತಿರುಗಿಸಿದೆ. ಬಿಟ್ಟಿನ ಸುರುಳಿ ಕೊರಕಲುಗಳಲ್ಲಿ ದಪ್ಪ ಗ್ರೀಸ್ ತುಂಬಿದ್ದೆ, ಕೊರೆದ ಚೂರು ಗ್ರೀಸಿಗೆ ಅಂಟಿಕೊಳ್ಳಲಿ ಅಂತ. ಒಂದು ಸುತ್ತು, ಹೊರಗೆ, ಒರೆಸು, ಮತ್ತೆ ಗ್ರೀಸ್. ಪ್ರತಿ ಸಲ ವಾಷರ್ ಕೂರುವ ಮುಖಕ್ಕೆ ಚಿಕ್ಕ ಮೂಲೆಮಟ್ಟ ಇಟ್ಟು ಎರಡು ಕಡೆಯಿಂದ ಬಿಟ್ಟು ನೆಟ್ಟಗಿದೆಯೇ ನೋಡಿದೆ. ಬೇಜಾರಿನ ಕೆಲಸ. ಆಮೇಲೆ ಬುಷ್ಷಿನ ಅಂಚು ಕೂರಲು ಬಾಯಿ ಅಗಲ ಮಾಡುವ ಕಟರ್. ಇದರ ಆಳ ಸರಿಯಾಗಿರಬೇಕು. ಅಂಚು ಒಂದು ಕೂದಲೆಳೆ ಮೇಲೆ ನಿಂತರೂ ವಾಷರ್ ಅದರ ಮೇಲೆ ಕೂತು ಸುತ್ತಲೂ ಸೋರುತ್ತದೆ.

ಟ್ಯಾಪ್ ಹಾಕುವಾಗ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸಿದಾಗ ಚೂರು ಕಡಿಯುವುದು ಕೈಗೆ ತಿಳಿಯುತ್ತದೆ. ಎಲ್ಲಾ ಮುಗಿದ ಮೇಲೆ ಮೇಲಿನಿಂದ ಅಗ್ಗದ ಆಯಿಲ್ ಅರ್ಧ ಲೀಟರ್ ಸುರಿದು, ಕೆಳಗೆ ಬಿಳಿ ಬಟ್ಟೆ ಹಿಡಿದೆ. ಬಟ್ಟೆಯ ಮೇಲೆ ಮಿಣಮಿಣ ಚೂರು ಕಂಡವು. ಮತ್ತೆ ಸುರಿದೆ. ಬಟ್ಟೆಯಲ್ಲಿ ಏನೂ ಹೊಳೆಯದ ತನಕ ಅದೇ.

ಇಲ್ಲೊಂದು ಸಿಕ್ಕು. ಬುಷ್ಷಿನ ಹೊರಗಿನ ಥ್ರೆಡ್ಡಿಗೆ ಥ್ರೆಡ್ ಲಾಕರ್ ಅನ್ನುವ ಅಂಟು ಹಾಕಬೇಕು, ಅದಕ್ಕೆ ತೂತು ಒಣಗಿರಬೇಕು. ತೊಳೆದ ಮೇಲೆ ಆಯಿಲ್ ಜಿನುಗುತ್ತಲೇ ಇತ್ತು. ಬ್ರೇಕ್ ಕ್ಲೀನರಿನಲ್ಲಿ ಒರೆಸಿದರೆ ನಿಮಿಷದಲ್ಲಿ ಮತ್ತೆ ಒಂದು ಹನಿ. ಆಯಿಲ್ ಮೆತ್ತಿದ ಥ್ರೆಡ್ಡಿಗೆ ಲಾಕರ್ ಹಿಡಿಯುವುದಿಲ್ಲ. ಬುಷ್ ಹಾಕುವ ಉಪಕರಣ ಅದರ ತಳದ ಥ್ರೆಡ್ಡುಗಳನ್ನು ಅಗಲಿಸಿ ಕಚ್ಚಿಸುತ್ತದೆ, ಹಾಗಾಗಿ ಒಮ್ಮೆ ಕೂತರೆ ಸುಮ್ನೆ ತೆಗೆದು ಮತ್ತೆ ಹಾಕೋದು ಆಗದ ಮಾತು. ರಾತ್ರಿಯಿಡೀ ತೂತಿನಲ್ಲಿ ಟಿಶ್ಯೂ ಸುರುಳಿ ಇಟ್ಟು ಬಿಟ್ಟೆ. ಬೆಳಿಗ್ಗೆ ಒಳಗಡೆ ಇನ್ನೊಂದು ಸುರುಳಿ ತಡೆಗೆ ಇಟ್ಟು, ತೂತಿನ ಗೋಡೆ ಮಾತ್ರ ಒರೆಸಿ, ಆ ಸುರುಳಿ ತೆಗೆದ ಕೂಡಲೇ ಬುಷ್ ತಿರುಗಿಸಿದೆ. ಲಾಕರ್ ಒಣಗಲು ಇನ್ನೊಂದು ರಾತ್ರಿ.

ಹೊಸ ಬೋಲ್ಟ್, ಹೊಸ ವಾಷರ್. 30ಕ್ಕೆ ಇಟ್ಟೆ. ಬಿಗಿ ಏರಿತು, ಏರುತ್ತಲೇ ಹೋಯಿತು, ಕ್ಲಿಕ್.

6. ತುಂಬಿಸಿದ್ದು

ಮ್ಯಾನ್ಯುಯಲ್ ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆ ಹಾಕಿದೆ. ಸ್ಟಾರ್ಟ್ ಮಾಡಿದಾಗ ಆಯಿಲ್ ದೀಪ ಆರಲು ಕೆಲವು ಸೆಕೆಂಡ್ ಹಿಡಿಯಿತು. ಖಾಲಿ ಫಿಲ್ಟರ್ ತುಂಬಬೇಕಲ್ವಾ. ಅಷ್ಟರಲ್ಲಿ ಥ್ರಾಟಲ್ ಮುಟ್ಟಬಾರದು. ಎಂಜಿನ್ ನಿಲ್ಲಿಸಿ, ಆಯಿಲ್ ಕೆಳಗಿಳಿಯಲು ಬಿಟ್ಟು, ಬೈಕ್ ನೆಟ್ಟಗಿರುವಾಗಲೇ ಮಟ್ಟ ನೋಡಿ ಉಳಿದದ್ದು ಸೇರಿಸಿದೆ. ಸೈಡ್ ಸ್ಟ್ಯಾಂಡಿನಲ್ಲಿ ನೋಡಿದರೆ ಲೆಕ್ಕ ತಪ್ಪುತ್ತದೆ. ಬೋಲ್ಟ್, ಫಿಲ್ಟರ್ ಎರಡರ ಸುತ್ತಲೂ ಒಣ ಟಿಶ್ಯೂ ಆಡಿಸಿದೆ. ಒಣಗೇ ಬಂತು. ಬೋಲ್ಟಿನ ತಲೆಯಿಂದ ಎಂಜಿನ್ ತನಕ ಬಿಳಿ ಪೇಂಟಿನ ಗೆರೆ ಎಳೆದೆ, ಸಡಿಲ ಆದರೆ ಗೆರೆ ಮುರಿದು ಕಾಣುತ್ತದೆ. ಒಂದು ಸುತ್ತು ಓಡಿಸಿ ಬಂದು, ಮತ್ತೆ ಟಿಶ್ಯೂ ಆಡಿಸಿದ ಮೇಲೆಯೇ ಫೇರಿಂಗ್ ಹಾಕಿದ್ದು.

7. ಬಾಕ್ಸ್‌ಸ್ಟರ್ ಎತ್ತಿದ್ದು

ಬಾಕ್ಸ್‌ಸ್ಟರ್‌ನಲ್ಲಿ ಎಂಜಿನ್ ಸೀಟಿನ ಹಿಂದೆ, ಮೇಲಿನಿಂದ ಕಾಣುವುದೇ ಇಲ್ಲ. ಆಯಿಲ್ ಹಾಕುವ ಬಾಯಿ ಹಿಂದಿನ ಡಿಕ್ಕಿಯಲ್ಲಿ. ಈ 987 ಮಾಡೆಲ್ಲಿನಲ್ಲಿ ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಕೂಡ ಇಲ್ಲ, ಮಟ್ಟ ನೋಡುವುದು ಡ್ಯಾಶ್‌ಬೋರ್ಡಿನ ಪರದೆಯಲ್ಲಿ.

ರ‍್ಯಾಂಪ್ ಮೇಲೆ ಹಿಂದಿನ ಚಕ್ರ ಹತ್ತಿಸಿದರೆ ಸಾಕು ಅಂತ ಗೆಳೆಯನ ವಾದ. ಹಾಗೆ ಮಾಡಿದರೆ ಕಾರು ಓರೆ ನಿಲ್ಲುತ್ತದೆ, ತಳದಲ್ಲಿ ಹಳೆ ಆಯಿಲ್ ಉಳಿಯುತ್ತದೆ. ನಾಲ್ಕೂ ಕಡೆ ಸ್ಟ್ಯಾಂಡ್ ಇಟ್ಟು ಮಟ್ಟ ಮಾಡಿದೆವು. ಜಾಕ್ ಇಡುವ ಜಾಗದಲ್ಲೇ ಸ್ಟ್ಯಾಂಡೂ ಇಡಬೇಕು, ಅದೇ ತಲೆನೋವು. ಹಿಂದಿನ ಪಾಯಿಂಟಿನಲ್ಲಿ ಜಾಕ್ ಇಟ್ಟು ಎತ್ತಿದಾಗ ಆ ಕಡೆ ಪೂರ್ತಿ ಮೇಲೇಳುತ್ತದೆ, ಆಗ ಮುಂದಿನ ಪಾಯಿಂಟಿಗೆ ಸ್ಟ್ಯಾಂಡ್ ತಳ್ಳಬಹುದು. ಕೆಳಗೆ ನುಗ್ಗುವ ಮೊದಲು ಕಾರನ್ನು ಭುಜ ಕೊಟ್ಟು ಅಲ್ಲಾಡಿಸಿದೆವು.

8. ಇಳಿಸಿದ್ದು, ಕ್ಯಾಪ್ ಬಿಚ್ಚಿದ್ದು

ಡ್ರೈನ್ ಪ್ಲಗ್ 8 ಮಿಲಿಮೀಟರ್ ಅಲೆನ್. ಅಲೆನ್ ತೂತಿನಲ್ಲಿ ಮಣ್ಣು ಗಟ್ಟಿಯಾಗಿತ್ತು, ಅದನ್ನು ಕೆದಕಿ ತೆಗೆಯದೆ ಬಿಟ್ ಪೂರ್ತಿ ಕೂರುವುದಿಲ್ಲ. ಪ್ಲಗ್ ಸಲೀಸಾಗಿ ಬಂತು, ಥ್ರೆಡ್ ಚೆನ್ನಾಗಿತ್ತು. ಆದರೆ ವಾಷರ್ ಎರಡು, ಒಂದರ ಮೇಲೊಂದು. ಹಳೆಯದನ್ನು ತೆಗೆಯದೇ ಹೊಸದು ಹಾಕಿದ್ದಾರೆ. ಎರಡನ್ನೂ ಬಿಡಿಸಿ ಹೊಸದೊಂದು ಹಾಕಿದೆ. 50 ನ್ಯೂಟನ್ ಮೀಟರ್.

ಏಳು ಲೀಟರಿಗಿಂತ ಜಾಸ್ತಿ ಬರುತ್ತದೆ, ಟ್ರೇ ದೊಡ್ಡದಿರಲಿ. ಧಾರೆ ನಿಂತ ಮೇಲೂ ಅರ್ಧ ಗಂಟೆ ಹನಿ ಬೀಳುತ್ತಲೇ ಇತ್ತು.

ಫಿಲ್ಟರ್ ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ತಲೆಕೆಳಗಾಗಿ ಇರುತ್ತದೆ. ಡಬ್ಬಿ ತುಂಬ ಆಯಿಲ್, ಹಾಗಾಗಿ ಬಿಚ್ಚುವಾಗ ಟ್ರೇ ನೇರ ಕೆಳಗೇ ಇರಬೇಕು. ಈ ಡಬ್ಬಿಗೆ ಬೇಕಾದ ಬಿಗಿ 25 ಮಾತ್ರ. ನಮ್ಮದು ಅದಕ್ಕಿಂತ ಎಷ್ಟೋ ಬಿಗಿಯಾಗಿತ್ತು, ಅಂಚಿನ ಪಟ್ಟಿಗಳ ಮೇಲೆ ಬೇರೆ ಯಾವುದೋ ಪ್ಲೈಯರಿನ ಹಲ್ಲಿನ ಗುರುತು. 74 ಮಿಲಿಮೀಟರಿನ ಸರಿಯಾದ ಕ್ಯಾಪ್ ರೆಂಚ್ ಇದ್ದದ್ದಕ್ಕೆ ಬಚಾವ್. ಓ-ರಿಂಗ್ ತೆಗೆದು ನೋಡಿದರೆ ಗುಂಡಗಿರಬೇಕಾದದ್ದು ಚಪ್ಪಟೆಯಾಗಿ, ಗಟ್ಟಿಯಾಗಿ ಕೂತಿತ್ತು. ಫಿಲ್ಟರ್ ಹೊಸದು ಹಾಕುವಾಗ ರಿಂಗ್ ಬದಲಿಸಿರಲಿಲ್ಲ, ಬದಲಿಗೆ ಬಿಗಿ ಜಾಸ್ತಿ ಮಾಡಿದ್ದರು. ಬೈಕಿನ ಕಥೆಯೇ, ಗಾಡಿ ಬೇರೆ ಅಷ್ಟೇ. ಹೊಸ ರಿಂಗ್ ಫಿಲ್ಟರಿನ ಪೊಟ್ಟಣದಲ್ಲೇ ಬರುತ್ತದೆ!

9. ಫಿಲ್ಟರ್ ಕತ್ತರಿಸಿದ್ದು

ಈ ಕಾರಿಗೆ ಇದನ್ನು ಬಿಡುವ ಹಾಗಿಲ್ಲ. 1997ರಿಂದ 2008ರವರೆಗಿನ ಬಾಕ್ಸ್‌ಸ್ಟರ್ ಎಂಜಿನ್‌ಗಳಲ್ಲಿ ಐಎಂಎಸ್ ಬೇರಿಂಗ್ (ಎಂಜಿನ್ ಒಳಗಿನ ಮಧ್ಯದ ಶಾಫ್ಟಿನ ಬೇರಿಂಗ್) ಕೈಕೊಡುವುದು ಹೆಸರಾದ ರೋಗ. ಅದು ಪುಡಿಯಾಗತೊಡಗಿದರೆ ಮೊದಲ ಸುಳಿವು ಫಿಲ್ಟರಿನಲ್ಲಿ ಸಿಗಬಹುದು. ಕಾಗದದ ಮಡಿಕೆಗಳನ್ನು ಚಾಕುವಿನಲ್ಲಿ ಮೇಲಿನಿಂದ ಕೆಳಗೆ ಕುಯ್ದೆ. ಗರಗಸ ಬೇಡ, ಅದರ ಚೂರೇ ಫಿಲ್ಟರಿಗೆ ಸೇರಿ ದಾರಿ ತಪ್ಪಿಸುತ್ತದೆ. ಬಿಳಿ ಬಟ್ಟೆಯಲ್ಲಿ ಸುತ್ತಿ ವೈಸಿನಲ್ಲಿ ಹಿಂಡಿ, ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿದೆವು.

ಮ್ಯಾಗ್ನೆಟ್ ಆಡಿಸಿದರೆ ಏನೂ ಅಂಟಲಿಲ್ಲ. ಗೆಳೆಯ ಉಸಿರು ಬಿಟ್ಟ. ಆಮೇಲೆ ಎರಡು ಮಡಿಕೆಗಳ ನಡುವೆ ಕಂದು ಬಣ್ಣದ ಚೂರುಗಳು ಸಿಕ್ಕವು. ಉಗುರಿನಲ್ಲಿ ಒತ್ತಿದರೆ ಪುಡಿಯಾಗಲಿಲ್ಲ, ಬಾಗಿದವು. ಪ್ಲಾಸ್ಟಿಕ್. ಟೈಮಿಂಗ್ ಚೈನ್ ಒರಗುವ ಪಟ್ಟಿ ಸವೆದು ಬರುವ ಚೂರು ಇದೇ ಬಣ್ಣದಲ್ಲಿರುತ್ತದೆ. ಒಂದೆರಡು ಸಿಕ್ಕರೆ ಹಳೆ ಎಂಜಿನ್‌ಗೆ ಸಹಜ, ಪ್ರತಿ ಸಲ ಜಾಸ್ತಿಯಾಗುತ್ತಾ ಹೋದರೆ ಎಂಜಿನ್ ಬಿಚ್ಚಬೇಕು. ಹಿಂದಿನ ಫಿಲ್ಟರನ್ನು ಯಾರೂ ಕತ್ತರಿಸಿ ನೋಡಿರಲಿಲ್ಲ. ಹಾಗಾಗಿ ಹೋಲಿಸಲು ನಮ್ಮ ಹತ್ತಿರ ಏನೂ ಇಲ್ಲ.

10. ತುಂಬಿಸಿದ್ದು, ಬಾಕಿ ಉಳಿದದ್ದು

ಮೊದಲು ಏಳು ಲೀಟರ್. ಎಂಜಿನ್ ಬಿಸಿಯಾಗಲು ಬಿಟ್ಟು, ಕಾರು ಮಟ್ಟದ ನೆಲದಲ್ಲಿ ನಿಲ್ಲಿಸಿ, ಪರದೆ ಅಳತೆ ತೋರಿಸುವ ತನಕ ಕಾದು, ಆಮೇಲೆ ಸ್ವಲ್ಪ ಸ್ವಲ್ಪ ಸೇರಿಸಿದೆವು. ಮೇಲಿನ ಗೆರೆಗಿಂತ ಒಂದು ಗೆರೆ ಕೆಳಗೆ ನಿಲ್ಲಿಸಿದೆವು. ಈ ಎಂಜಿನ್‌ಗೆ ಜಾಸ್ತಿ ಹಾಕಿದರೆ ಆಯಿಲ್ ಸೆಪರೇಟರ್ (ಎಂಜಿನ್ ಒಳಗಿನ ಆವಿಯಿಂದ ಆಯಿಲ್ ಬೇರೆ ಮಾಡುವ ಭಾಗ) ಮೂಲಕ ಗಾಳಿ ಎಳೆಯುವ ಇನ್‌ಟೇಕಿಗೆ ಹೋಗಿ ಹೊಗೆ ಬರುತ್ತದೆ, ತೆಗೆಯಬೇಕೆಂದರೆ ಮತ್ತೆ ಸ್ಟ್ಯಾಂಡ್ ಹತ್ತಿಸಬೇಕು.

ಕಂದು ಚೂರುಗಳನ್ನು ಪಾರದರ್ಶಕ ಟೇಪಿನಲ್ಲಿ ಹಿಡಿದು ಸರ್ವಿಸ್ ಪುಸ್ತಕದ ಪುಟಕ್ಕೆ ಅಂಟಿಸಿ, ಪಕ್ಕದಲ್ಲಿ ಓಡೋಮೀಟರ್ ಓದಿಕೆ ಬರೆದೆವು. ಸಾಮಾನ್ಯ ಅವಧಿ ತನಕ ಕಾಯುವುದಿಲ್ಲ. 1500 ಕಿಲೋಮೀಟರಿಗೆ ಫಿಲ್ಟರ್ ಮಾತ್ರ ತೆಗೆದು ಮತ್ತೆ ಕತ್ತರಿಸುತ್ತೇವೆ. ಆಗ ಎಷ್ಟು ಸಿಕ್ಕಿತು ಅನ್ನುವುದರ ಮೇಲೆ ಎಂಜಿನ್ ಇಳಿಸುವುದೋ ಬಿಡುವುದೋ ತೀರ್ಮಾನ. ಅಷ್ಟರ ತನಕ 4000 ಆರ್‌ಪಿಎಂ ದಾಟಿಸಬೇಡ ಅಂತ ಗೆಳೆಯನಿಗೆ ಹೇಳಿದ್ದೇನೆ. ಅವನು ಕೇಳುವುದು ಡೌಟು.